ಕುಳಿತುಕೊಳ್ಳಲಾರದ ನಾಲಬಂದ

ಬೈಲಹೊಂಗಲದ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಕಟಕೋಳ, ರಾಮದುರ್ಗದ ಕಡೆಯಿಂದ ಕಾಳುಕಡಿ ಹೇರಿಕೊಂಡು ಬಂದ ಬಂಡಿಗಳು ನೊಗ ಇಳಿಸಿ ನಿಂತಿವೆ. ಬಂಡಿಯಡಿ ಕಂಬಳಿ ಹೊದ್ದವರು ಕಾರ್ತಿಕದ ಚಳಿಗೆ ಮಗ್ಗುಲು ಬದಲಿಸುತ್ತಿದ್ದಾರೆ. ಇಷ್ಟು ಹೊತ್ತಿಗೇ ಬೇವಿನ ಮರದ ಕೆಳಗೆ ಒಬ್ಬ ನಡುವಯಸ್ಸಿನ ಗೃಹಸ್ಥರು ಸೊಂಟ ಬಗ್ಗಿಸಿ, ಮೊಣಕಾಲು ಅರ್ಧ ಮಡಚಿ, ತೊಡೆಗಳ ನಡುವೆ ಒಂದು ಒನಕೆಯನ್ನು ಬಿಗಿಹಿಡಿದು ನಿಂತಿದ್ದಾರೆ. ಒನಕೆಯ ಇನ್ನೊಂದು ತುದಿ ಬಿಳಿ ಮೀಸೆಯ ಒಬ್ಬ ಮುದುಕರ ಕೈಯಲ್ಲಿದೆ. ಅವರು ಅದನ್ನು ಎಳೆಯುತ್ತಾರೆ, ತಿರುವುತ್ತಾರೆ, ಆಗಾಗ ಝಾಡಿಸುತ್ತಾರೆ. ಹೊಸಬರು ಯಾರಾದರೂ ನೋಡಿದರೆ ಇಬ್ಬರಿಗೂ ಬುದ್ಧಿ ಕೆಟ್ಟಿದೆ ಅಂದುಕೊಳ್ಳಬೇಕು.

"ಬಿಗಿ ಹಿಡೀರಿ ಸಾಬ್ರ. ಕುದುರಿ ನಿಮ್ಮ ಹೆಸರ ಕೇಳಿ ಒದಿಯಂಗಿಲ್ಲ," ಎನ್ನುತ್ತಾರೆ ಮುದುಕರು.

"ಹಿಡದೇನ್ರಿ ಹವಾಲ್ದಾರ್ರ. ನೀವ ಸ್ವಲ್ಪ ಕುದುರಿಯಂಗ ಒದೀರಿ, ಮುದುಕರಂಗ ಎಳೀಬ್ಯಾಡ್ರಿ."

ಒಳಗಿನಿಂದ ಒಂದು ಹೆಣ್ಣುದನಿ ಬರುತ್ತದೆ. "ನಿಮ್ಮ ಕುದುರಿ ಕಾಲ ಒಳಗ ಕೊಡ್ರಿ. ನಾ ಖಾರ ಕುಟ್ಟಬೇಕು."

ಒನಕೆ ಹಿಡಿದವರು ಬುರಾನಸಾಬರು, ಈ ಊರಿನ ಎತ್ತುಗಳ ಗೊರಸಿಗೆ ನಾಲ, ಅಂದರೆ ಲಾಳ, ಕಟ್ಟುವ ನಾಲಬಂದರು. ಎಳೆಯುತ್ತಿರುವವರು ಪಿಂಚಣಿ ಹವಾಲ್ದಾರ ಲಗಮಪ್ಪನವರು. ಮೂಲ ಮುನವಳ್ಳಿ, ಈಗ ಇಲ್ಲಿ ಮಗಳ ಮನೆಯಲ್ಲಿ ವಾಸ. ಖಾರ ಕುಟ್ಟಲು ಕಾದಿರುವವರು ಬುರಾನಸಾಬರ ಹೆಂಡತಿ ಸುಗರಾಬಿ. ನಲವತ್ತು ದಾಟಿ ಗಡ್ಡದಲ್ಲಿ ಬೆಳ್ಳಿಕೂದಲು ಕಂಡ ಮೇಲೆ, ಮುರಿದು ಕೂಡಿದ ಒಂದು ಕಾಲನ್ನು ಕಟ್ಟಿಕೊಂಡು, ಬುರಾನಸಾಬರು ದಂಡಿಗೆ ಸೇರಲು ಹೊರಟಿದ್ದಾರೆ. ಬರುವ ವಾರ ಕಿತ್ತೂರಿನಲ್ಲಿ ಪರೀಕ್ಷೆ. ಅದರಲ್ಲಿ ಗೆದ್ದರೆ ಬೆಳಗಾವಿಯ ಛಾವಣಿಯಲ್ಲಿ, ದಂಡು ಬೀಡುಬಿಟ್ಟ ಜಾಗದಲ್ಲಿ, ತಾಲೀಮು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಸಾಬರಿಗೆ ಇಪ್ಪತ್ತು ವರ್ಷ ಮೊದಲೇ ಬಂತು ಎಂದು ಪೇಟೆ ನಗುತ್ತದೆ. ಸಾಬರೂ ಜೊತೆಗೆ ನಗುತ್ತಾರೆ.

ಎತ್ತಿಗೆ ನಾಲ ಕಟ್ಟುವುದನ್ನು ನೋಡದ ಓದುಗರಿಗಾಗಿ ಒಂದು ಮಾತು. ಎತ್ತು ನಿಂತು ಕಾಲು ಕೊಡುವ ಪ್ರಾಣಿಯಲ್ಲ. ಅದರ ಕಾಲುಗಳಿಗೆ ಹಗ್ಗ ಸುತ್ತಿ, ಒಂದೇ ಎಳೆತಕ್ಕೆ ನೆಲಕ್ಕೆ ಕೆಡವಬೇಕು. ಒಡೆಯ ಕೊಂಬು ಹಿಡಿದು ಕತ್ತು ಒತ್ತಬೇಕು. ನಾಲ್ಕೂ ಕಾಲು ಒಟ್ಟುಗೂಡಿಸಿ ಬಿಗಿದ ಮೇಲೆ ನಾಲಬಂದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗೊರಸು ಕೆತ್ತಿ, ನಾಲವಿಟ್ಟು ಮೊಳೆ ಹೊಡೆಯುತ್ತಾನೆ. ಹಗ್ಗ ಎಸೆಯುವುದರಲ್ಲಿ ಬುರಾನಸಾಬರ ಕೈ ಎತ್ತಿದ ಕೈ. ಎಂಥ ಕೊಬ್ಬಿದ ಹೋರಿಯೂ ಅವರ ಮುಂದೆ ಕಣ್ಣು ಮಿಟುಕಿಸುವುದರೊಳಗೆ ಧೂಳು ಮುಕ್ಕುತ್ತದೆ. ಊರು ಅದನ್ನು ಹೊಗಳುತ್ತದೆ. ಆದರೆ ಹೊಗಳಿಸಿಕೊಂಡವರಿಗೆ ಅದೇ ಒಳಗಿನ ಮುಳ್ಳು.

"ಹುಟ್ಟಿದಾಗಿಂದ ನನ್ನ ಮುಂದ ಒಂದ ದನಾ ನಿಂತಿಲ್ಲರಿ. ಎಲ್ಲಾ ಬಿದ್ದಾವು," ಎನ್ನುತ್ತಾರೆ. "ಬಿದ್ದ ಎತ್ತಿನ ಕಣ್ಣಾಗ ನೀರ ಬರತೈತಿ. ನಾ ಅದಕ್ಕ ಚೊಲೋದ ಮಾಡಾಕ ಹತ್ತೇನಿ ಅಂತ ಅದಕ್ಕ ಹೆಂಗ ಹೇಳೂದು? ಎದ್ದ ಮ್ಯಾಲ ನನ್ನ ನೋಡಿದ್ರ ಹಿಂದ ಸರೀತೈತಿ."

ಈ ಮುಳ್ಳಿನ ಬೇರು ಕಿತ್ತೂರಿನಲ್ಲಿದೆ. ಸಂಸ್ಥಾನ ಇದ್ದಾಗ ಬುರಾನಸಾಬರ ಹಿರಿಯರು ಅಲ್ಲಿಯ ಲಾಯದಲ್ಲಿ ಕುದುರೆಗಳಿಗೆ ನಾಲ ಕಟ್ಟುತ್ತಿದ್ದರು. ಅಜ್ಜ ಹುಡುಗನಾಗಿದ್ದಾಗ ತನ್ನಪ್ಪನ ಪಕ್ಕದಲ್ಲಿ ಮೊಳೆ ಹಿಡಿದು ನಿಂತವರು. ಸಂಸ್ಥಾನ ಇಂಗ್ರೇಜರ ಕೈಗೆ ಹೋಯಿತು, ಕುದುರೆಗಳು ಹೋದವು, ಮನೆತನ ಬೈಲಹೊಂಗಲಕ್ಕೆ ಬಂದು ಎತ್ತು ಕೆಡವುವುದನ್ನು ಕಲಿತಿತು. ಅಜ್ಜ ಮಾತ್ರ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರಂತೆ: ಕುದುರೆಗೆ ಹಗ್ಗ ಬೇಡ, ಹೆಗಲಿನಿಂದ ಕೆಳಗೆ ಅಂಗೈ ಇಳಿಸುತ್ತ ಬಂದರೆ, ನಂಬಿದ ಕುದುರೆ ತಾನಾಗಿಯೇ ಕಾಲೆತ್ತಿ ಕೊಡುತ್ತದೆ. ಆ ಮಾತು ಮೊಮ್ಮಗನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಪ್ರಾಣಿಯಾದರೂ ತನಗೆ ತಾನಾಗಿ ಕಾಲು ಕೊಡಬೇಕು. ಬುರಾನಸಾಬರ ಆಸೆ ಇಷ್ಟೇ.

ಆ ಆಸೆಗೆ ದಾರಿ ತೆರೆದದ್ದು ಜರ್ಮನ್ ಲಡಾಯಿ. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪೇಟೆಯಲ್ಲಿ ಡಂಗುರ ಸಾರುತ್ತ ಬಂದರು. ಇಂಗ್ರೇಜ ಸರಕಾರದ ದಂಡಿನ ಕುದುರೆ, ಹೇಸರಗತ್ತೆಗಳಿಗೆ ನಾಲಬಂದರು ಬೇಕಾಗಿದ್ದಾರೆ, ಕಸುಬು ಬಲ್ಲವರಿಗೆ ವಯಸ್ಸಿನ ಅಡ್ಡಿಯಿಲ್ಲ, ದೀಪಾವಳಿ ಕಳೆದ ಮೇಲೆ ಕಿತ್ತೂರಿಗೆ ಬರಬೇಕು. ಬುರಾನಸಾಬರು ಆಗ ಶಂಕ್ರೆಪ್ಪ ಎಂಬ ರೈತರ ಬಿಳಿ ಎತ್ತನ್ನು ಕೆಡವಿ ಹಿಂಗಾಲಿನ ಗಂಟು ಹಾಕುತ್ತಿದ್ದರು. ನಾಲಬಂದ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಗಂಟನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಂತರು. ಹುಟ್ಟಿನಿಂದ ಇದೇ ಕೆಲಸ ಮಾಡಿದ ಮನುಷ್ಯ ಬಿಗಿಯದ ಕಾಲಿನ ಎದುರಿಗೆ ನಿಂತದ್ದು ಅದೊಂದೇ ಸಲ. ಎತ್ತು ಒದೆಯಿತು. ಎಡಗಾಲು ಮೊಣಕಾಲಿನ ಬುಡಕ್ಕೇ ಮುರಿಯಿತು.

"ಸಪ್ಪಳ ನನಗೂ ಕೇಳಿಸ್ತು," ಎನ್ನುತ್ತಾರೆ ಸುಗರಾಬಿ. "ಓಡಿ ಬಂದ ನೋಡಿದ್ರ ಮನಿಷ್ಯಾ ನೆಲದ ಮ್ಯಾಲ ಬಿದ್ದಾರ. ಕಾಲ ನೋಡವಲ್ರು. ಡಂಗುರದವ ಏನಂದ, ಪೂರಾ ಕೇಳಿ ಬಾ ಅಂತ ನನಗ ಹೇಳಾಕ ಹತ್ಯಾರ."

ಶಂಕ್ರೆಪ್ಪ ಅಳುಮೋರೆ ಹಾಕಿಕೊಂಡು ತನ್ನದೇ ಬಂಡಿ ಕಟ್ಟಿದರು. ಹೂಲಿಯಲ್ಲಿ ಎಲುಬು ಕೂಡಿಸುವ ಬಾಯವ್ವನ ಮನೆಗೆ ದೂರದ ಹಾದಿ. ಒದ್ದ ಎತ್ತೇ ಬಂಡಿಯನ್ನು ಎಳೆಯಿತು. ಬಾಯವ್ವ ಎಪ್ಪತ್ತರ ಗಟ್ಟಿ ಮುದುಕಿ, ನಾಲ್ಕೂರ ಜನರ ಕೈಕಾಲು ಅವರ ಬೆರಳಿಗೆ ಗೊತ್ತು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಲೋಳೆ ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಅರಿವೆ ಸುತ್ತಿದರು. ನವರಾತ್ರಿಯವರೆಗೆ ಕಾಲು ನೆಲಕ್ಕೆ ಊರಕೂಡದು ಎಂದರು. ಬುರಾನಸಾಬರು ಕಟ್ಟಿನ ಕಾಲನ್ನು ಮಂಚದ ಮೇಲಿಟ್ಟು, ಸಂದು ಸಿಕ್ಕಾಗಲೆಲ್ಲ ಕೈಗಳಿಂದ ಗಾಳಿಯಲ್ಲಿ ಕುದುರೆಯ ಗೊರಸು ಕೆತ್ತುತ್ತಿದ್ದರಂತೆ.

ನವರಾತ್ರಿಗೆ ಕಟ್ಟು ಬಿಚ್ಚಿದಾಗ ಎಲುಬು ಚೆನ್ನಾಗಿಯೇ ಕೂಡಿತ್ತು. ಆದರೆ ಮೊಣಕಾಲು ಅರ್ಧಕ್ಕೆ ಮಡಚಿ ನಿಂತುಬಿಟ್ಟಿತು. ಬಾಯವ್ವ ಎಣ್ಣೆ ತಿಕ್ಕಿದರು, ಒತ್ತಿದರು, ಆಮೇಲೆ ಕೈ ಒರೆಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ತಮ್ಮಾ, ನಡೀತೀ, ಓಡತೀ, ಭಾರ ಹೊರತೀ. ಕುಕ್ಕರಗಾಲಿಲೆ ಮಾತ್ರ ಕುಂದ್ರೂದು ಆಗಂಗಿಲ್ಲ. ಇಷ್ಟ ಮಡಚತೈತಿ, ಮುಂದ ಮಡಚಂಗಿಲ್ಲ."

ಎತ್ತಿನ ನಾಲಬಂದ ಕುಳಿತೇ ದುಡಿಯಬೇಕು. ಕುಳಿತುಕೊಳ್ಳಲಾಗದಿದ್ದರೆ ಇದ್ದ ಕಸುಬೂ ಹೋಯಿತು. ಮುಂಜಾನೆಯ ನಮಾಜನ್ನೂ ಅವರು ಅಂದಿನಿಂದ ಹಲಗೆಯ ಮೇಲೆ ಕಾಲು ಚಾಚಿ ಕುಳಿತೇ ಮಾಡುತ್ತಿದ್ದಾರೆ. ಕಟ್ಟು ಬಿಚ್ಚಿದ ದಿನ ರೊಟ್ಟಿ ಮುಟ್ಟಲಿಲ್ಲ. ಡಂಗುರ ಕೇಳಿ ಕುಣಿದ ತನಗೆ ದೇವರು ಸರಿಯಾಗಿ ಮಾಡಿದ ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಈ ಸುದ್ದಿ ಕೇಳಿ ಲಗಮಪ್ಪನವರು ತಮ್ಮ ಕೆಂಚು ತಟ್ಟುವನ್ನು ಹಿಡಿದುಕೊಂಡು ಬಂದದ್ದು ಮರುದಿನ. ಅದು ಕುದುರೆಯೆನ್ನಲು ಸ್ವಲ್ಪ ಗಿಡ್ಡ, ಕತ್ತೆಯೆನ್ನಲು ಸ್ವಲ್ಪ ಗತ್ತು. "ದಂಡಿನಾಗ ಕಾಲ ಕಳಕೊಂಡವ್ರೂ ಇಷ್ಟ ಮಾರಿ ಸಣ್ಣ ಮಾಡಂಗಿಲ್ಲ. ಏಳ್ರಿ ಸಾಬ್ರ. ಇದರ ಕಾಲ ಹಿಡಿದ ನೋಡ್ರಿ," ಎಂದರು. ಬುರಾನಸಾಬರು ಎದ್ದರು. ಎದ್ದವರು ಮಾಡಿದ್ದೇನು? ಎಂದಿನಂತೆ ಹಗ್ಗ ಹೆಗಲಿಗೇರಿಸಿಕೊಂಡು ಹೊರಗೆ ಬಂದು, ಅಭ್ಯಾಸಬಲದಿಂದ ಅದನ್ನು ತಟ್ಟುವಿನ ಕಾಲಿಗೆ ಎಸೆದೇಬಿಟ್ಟರು. ಜನ್ಮದಲ್ಲಿ ಇಂಥ ಅಪಮಾನ ಕಾಣದ ತಟ್ಟು ಹಗ್ಗ ಎಳೆದುಕೊಂಡೇ ಕಾಯಿಪಲ್ಲೆ ಸಂತೆಯೊಳಗೆ ನುಗ್ಗಿತು. ಹಿಂದೆ ಹವಾಲ್ದಾರರು, ಅವರ ಹಿಂದೆ ಕುಂಟುತ್ತ ಸಾಬರು. ಬದನೆಕಾಯಿ ಮಾರುವವರು ಇವತ್ತಿಗೂ ಅದನ್ನು ನೆನೆದು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಮರುದಿನ ಲಗಮಪ್ಪನವರು ಹಗ್ಗವನ್ನು ಸುಗರಾಬಿಯ ಕೈಗೆ ಕೊಡಿಸಿ, ಬರಿಗೈಯಲ್ಲಿ ಬರಹೇಳಿದರು. ಕುದುರೆಯ ಕೆಲಸ ನಿಂತು ಮಾಡುವ ಕೆಲಸ. ಅದರ ಕಾಲನ್ನು ತನ್ನೆರಡು ಮೊಣಕಾಲುಗಳ ನಡುವೆ ಸಿಕ್ಕಿಸಿ, ಅರ್ಧ ಬಾಗಿ, ಭಾರ ತಡೆದು ನಿಲ್ಲಬೇಕು. ಬುರಾನಸಾಬರು ತಟ್ಟುವಿನ ಮುಂಗಾಲನ್ನು ಅಂತೂ ಇಂತೂ ಎತ್ತಿ ತೊಡೆಗೆ ತಂದರು. ಸ್ವಲ್ಪ ಹೊತ್ತಿಗೆ ಕಾಲು ನಡುಗತೊಡಗಿತು. ಮುರಿದ ಕಾಲೇ ಕೈಕೊಟ್ಟಿತು ಎಂದು ಕೆಳಗೆ ನೋಡಿದರೆ, ನಡುಗುತ್ತಿದ್ದದ್ದು ಗಟ್ಟಿಯಾಗಿದ್ದ ಬಲಗಾಲು. ಎಡಗಾಲು ಎಲ್ಲಿ ಮಡಚುವುದನ್ನು ನಿಲ್ಲಿಸಿತ್ತೋ, ಕುದುರೆಯ ಕಾಲು ಹಿಡಿಯಲು ಸರಿಯಾಗಿ ಅಷ್ಟೇ ಮಡಚಬೇಕಿತ್ತು. ಅದು ನೆಟ್ಟ ಕಂಬದ ಹಾಗೆ ನಿಂತಿತ್ತು.

ಕುದುರೆ ಕಂಡರೆ ಕಾಲುನೋವು ಎನ್ನುವುದು ಗಾದೆ. ಬುರಾನಸಾಬರ ವಿಷಯದಲ್ಲಿ ಅದು ತಲೆಕೆಳಗಾಯಿತು. ಕಾಲುನೋವಿದ್ದವರು ಕುದುರೆ ಕಂಡು ಎದ್ದು ನಿಂತರು. ಆ ಸಂಜೆ ಪೇಟೆಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಮೊಣಕಾಲು ಮಡಚಿ ತೋರಿಸುತ್ತ ನಡೆದರಂತೆ. ಸಂತೆಗೆ ಬಂದ ಬಾಯವ್ವನಿಗೂ ತೋರಿಸಿದರು. ಅವರು ಎಲೆಯಡಿಕೆ ಉಗುಳಿ ಬಂದು ಹೇಳಿದ ಮಾತು ಊರಿನಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದೆ. "ನಾ ಕಟ್ಟಿದ್ದು ಎತ್ತಿನ ನಾಲಬಂದನ ಕಾಲು. ಬಿಚ್ಚಿದಾಗ ಕುದುರಿ ನಾಲಬಂದನ ಕಾಲ ಬಂತು. ಅದಕ್ಕ ಬ್ಯಾರೆ ರೊಕ್ಕಾ ಕೊಡಬೇಕ ನೋಡ ನೀ."

ಅಂದಿನಿಂದ ಅವರ ದಿನ ಕೋಳಿ ಕೂಗುವ ಮೊದಲೇ ಆರಂಭ. ಊರ ಹೊರಗಿನ ಕೆರೆಯವರೆಗೆ ಓಟ. ಮೊದಲು ಕುಂಟು ಓಟ, ಈಗ ಸಾಧಾರಣ ಓಟ. ಬಂದು ಒನಕೆಯ ತಾಲೀಮು, ಬಿಸಿಲೇರಿದರೆ ತಟ್ಟುವಿನ ತಾಲೀಮು, ನಡುವೆ ಹವಾಲ್ದಾರರ ಕವಾಯತು. ರಾತ್ರಿ ಮಲಗುವ ಮುನ್ನ ಸುಗರಾಬಿ ಉಸುಕು ಹುರಿದು ಅರಿವೆಯಲ್ಲಿ ಕಟ್ಟಿ ಮೊಣಕಾಲಿಗೆ ಶಾಖ ಕೊಡುತ್ತಾರೆ. ಇದಕ್ಕೆ ಕಾರಣವಿದೆ. ದಂಡಿನ ಡಾಕ್ಟರು ಮೊದಲು ಕುಳಿತು ಏಳಲು ಹೇಳುತ್ತಾರೆ ಎಂದು ಲಗಮಪ್ಪನವರು ಎಚ್ಚರಿಸಿದ್ದಾರೆ. ಉಸುಕಿನ ಶಾಖಕ್ಕೆ ನೋವು ಇಳಿದಿದೆ, ಮೊಣಕಾಲು ಬೆರಳಿನಷ್ಟೂ ಇಳಿದಿಲ್ಲ.

ಗಂಡ ಲಡಾಯಿಗೆ ಹೋಗುವುದು ಸುಗರಾಬಿಗೆ ಹೇಗನಿಸುತ್ತದೆ? ಅವರು ಒನಕೆ ನಿಲ್ಲಿಸುತ್ತಾರೆ. "ಅಂಜಿಕಿ ಐತ್ರಿ. ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ಗ್ವಾಡಿಗೆ ಮಾರಿ ಮಾಡಿ ಮಲಗಿದ್ದನ್ನೂ ನಾನ ನೋಡೇನಲ್ಲ. ಆ ಮನಿಷ್ಯಾನ್ನ ಇಟಗೊಂಡ ನಾ ಏನ ಮಾಡ್ಲಿ? ಈ ಮನಿಷ್ಯಾ ಹೋಗಿ ಬರ್ಲಿ."

ಪರೀಕ್ಷೆಯ ದಿನ ಕಿತ್ತೂರಿಗೆ ಹೊರಡುವುದು ಮತ್ತೆ ಶಂಕ್ರೆಪ್ಪನವರ ಬಂಡಿಯೇ, ಎಳೆಯುವುದು ಮತ್ತೆ ಆ ಬಿಳಿ ಎತ್ತೇ. ಸಾಬರು, ಸುಗರಾಬಿ, ಲಗಮಪ್ಪನವರು ಹಿಂದೆ ಕುಳಿತಿದ್ದಾರೆ. ಸಾಬರ ಎಡಗಾಲು ಬಂಡಿಯ ಹೊರಗೆ ಚಾಚಿಕೊಂಡಿದೆ. ಬಿದ್ದ ಕೋಟೆಯ ಗೋಡೆ ಕಾಣುತ್ತಲೇ ಶಂಕ್ರೆಪ್ಪ ದಾರಿಯುದ್ದಕ್ಕೂ ನುಂಗಿಕೊಂಡು ಬಂದ ಮಾತನ್ನು ಕೇಳಿಯೇಬಿಡುತ್ತಾರೆ. "ಸಾಬ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಹಿರ್ಯಾರು ಯಾರ ಕುದುರಿಗೆ ನಾಲ ಹೊಡದ್ರು, ನೀವು ಯಾರ ಕುದುರಿಗೆ ಹೊಡ್ಯಾಕ ಹೊಂಟೀರಿ?"

ಬುರಾನಸಾಬರು ಕೋಟೆಯ ಕಡೆ ನೋಡುತ್ತಾರೆ. "ಅದು ನನಗೂ ಚುಚ್ಚತೈತ್ರಿ," ಎನ್ನುತ್ತಾರೆ. "ಆದ್ರ ಸರಕಾರ ಯಾರದಂತ ಕುದುರಿಗೇನ ಗೊತ್ತು? ಗೊರಸ ಸವದ್ರ ಅದಕ್ಕ ನೋವಾಗತೈತಿ, ಅಷ್ಟ."

ಕೋಟೆಯ ಎದುರಿನ ಬಯಲಿನಲ್ಲಿ ಡೇರೆ ಹಾಕಿದ್ದಾರೆ. ಸಾವಕಾಶವಾಗಿ ಸಾಲು ಮುಂದೆ ಸರಿಯುತ್ತದೆ. ಓಡಿಸುತ್ತಾರೆ, ಬುರಾನಸಾಬರು ಓಡುತ್ತಾರೆ. ಮೂಟೆ ಹೊರಿಸುತ್ತಾರೆ, ಹೊರುತ್ತಾರೆ. ಡಾಕ್ಟರು ಕುಳಿತು ಏಳು ಎನ್ನುತ್ತಾರೆ. ಬುರಾನಸಾಬರು ಅರ್ಧಕ್ಕೆ ಇಳಿದು ನಿಲ್ಲುತ್ತಾರೆ. ಪೂರ್ತಿ ಕುಳಿತುಕೋ ಎಂದು ಡಾಕ್ಟರು ಮತ್ತೆ ಹೇಳುತ್ತಾರೆ. ಹಣೆಯ ಮೇಲೆ ಬೆವರೊಡೆಯುತ್ತದೆ, ಮೊಣಕಾಲು ಅಲ್ಲಾಡುವುದಿಲ್ಲ. ಡಾಕ್ಟರು ಕೈಯಾಡಿಸಿ ಮುಂದಿನವರನ್ನು ಕರೆಯುತ್ತಾರೆ. ಕೋಟೆಗೋಡೆಯ ಬಳಿ ನಿಂತ ಸುಗರಾಬಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಲಗಮಪ್ಪನವರು ತಡೆಯಲಾರದೆ ಮುಂದೆ ಬಂದು ಹಳೆಯ ರಿವಾಜಿನಂತೆ ಸಲಾಮು ಹೊಡೆಯುತ್ತಾರೆ. "ಸಾಹೇಬ್ರ, ಈ ಮನಿಷ್ಯಾ ಕುಂದ್ರಾಕ ಬಂದಿಲ್ಲರಿ. ನಿಂದ್ರಾಕ ಬಂದಾನ. ಒಂದ ಸಲ ನಿಂದರಿಸಿ ನೋಡ್ರಿ."

ಪಕ್ಕದಲ್ಲಿದ್ದ ಜಮಾದಾರರು ವಿಜಾಪುರದ ಕಡೆಯವರು, ಕನ್ನಡ ಬಲ್ಲವರು. ಮಾತು ಕೇಳಿ ನಗುತ್ತಾರೆ. ಡಾಕ್ಟರನ್ನು ಒಪ್ಪಿಸಿ, ಗೂಟಕ್ಕೆ ಕಟ್ಟಿದ ಬೂದು ಬಣ್ಣದ ಹೇಸರಗತ್ತೆಯನ್ನು ತೋರಿಸುತ್ತಾರೆ. ಬೆಳಗಿನಿಂದ ಬಂದ ಹುಡುಗಪ್ರಾಯದವರನ್ನು ಒಬ್ಬೊಬ್ಬರನ್ನಾಗಿ ನೆಲಕ್ಕೆ ಉರುಳಿಸಿದ ಪ್ರಾಣಿ ಅದು. ಕಾಲು ಕೊಟ್ಟ ಹಾಗೆ ಮಾಡಿ, ಮೈಭಾರವನ್ನೆಲ್ಲ ಹಿಡಿದವರ ಮೇಲೆ ಹೇರಿಬಿಡುವುದು ಅದರ ಚಾಳಿ.

ಬುರಾನಸಾಬರು ಹತ್ತಿರ ಹೋಗುತ್ತಾರೆ. ಪ್ರಾಣಿ ಕಿವಿ ಹಿಂದಕ್ಕೆ ಮಡಚುತ್ತದೆ. ಅವರ ಬಲಗೈ ತನ್ನಷ್ಟಕ್ಕೆ ಹೆಗಲಿಗೆ ಹೋಗುತ್ತದೆ, ಹಗ್ಗಕ್ಕೆ. ಹೆಗಲು ಖಾಲಿ. ಹಗ್ಗ ಮನೆಯಲ್ಲಿದೆ. ಆ ಕೈಯನ್ನೇ ಅವರು ಹೇಸರಗತ್ತೆಯ ಹೆಗಲ ಮೇಲಿಟ್ಟು, ಅಜ್ಜ ಹೇಳಿದ ಹಾಗೆ ಕೆಳಗೆ ಇಳಿಸುತ್ತ ಬರುತ್ತಾರೆ. ಕಾಲು ಕಿತ್ತುಕೊಳ್ಳುತ್ತದೆ. ಮತ್ತೆ ಹೆಗಲಿನಿಂದ ಶುರು. ಮೂರನೆಯ ಸಲಕ್ಕೆ ಕಾಲು ಮೊಣಕಾಲುಗಳ ನಡುವೆ ಬಂದು ಕೂರುತ್ತದೆ, ಅದರ ಹಿಂದೆಯೇ ಮೈಭಾರವೂ ಬರುತ್ತದೆ. ಬಲಗಾಲು ನಡುಗುತ್ತದೆ. ಎಡಗಾಲು ಇಂಚೂ ಕುಸಿಯುವುದಿಲ್ಲ. ಒರಗಿದ್ದು ಒರಗಿಕೊಂಡೇ ಇರುತ್ತದೆ, ಇವರು ಕೆತ್ತುತ್ತಾರೆ, ಎತ್ತಿನ ಸೀಳು ಗೊರಸಿಗೆ ಎರಡಾದರೆ ಇದಕ್ಕೆ ಒಂದೇ ನಾಲವಿಟ್ಟು ಮೊಳೆ ಹೊಡೆಯುತ್ತಾರೆ. ಈ ಮನುಷ್ಯ ಬೀಳುವವನಲ್ಲ ಎಂದು ಹೇಸರಗತ್ತೆಗೆ ತಿಳಿಯಲು ಎರಡು ಕಾಲಿನ ಕೆಲಸ ಮುಗಿಯಬೇಕಾಯಿತು. ಮೂರನೆಯದರಲ್ಲಿ ಅದು ಭಾರ ಹಾಕುವುದಿಲ್ಲ.

ನಾಲ್ಕನೆಯ ಕಾಲಿಗೆ ಬರುತ್ತಾರೆ. ಅಂಗೈ ಇನ್ನೂ ಅರ್ಧಕ್ಕೆ ಇಳಿದಿಲ್ಲ. ಹೇಸರಗತ್ತೆ ತಾನಾಗಿಯೇ ಕಾಲೆತ್ತುತ್ತದೆ.

ಬುರಾನಸಾಬರು ಅದನ್ನು ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಸುತ್ತಿಗೆ ಕೈಯಲ್ಲೇ ಇದೆ.

"ಯಾಕ, ನೋವಾಯ್ತೇನು?" ಎಂದು ಜಮಾದಾರರು ಕೇಳುತ್ತಾರೆ.

"ಇಲ್ರಿ." ಅವರು ಕಾಲನ್ನು ಮೊಣಕಾಲುಗಳ ನಡುವೆ ಸೇರಿಸಿಕೊಳ್ಳುತ್ತಾರೆ. "ಕೊಟ್ಟತ್ರಿ ಇದು. ತಾನಽ ಕೊಟ್ಟತು."

ಜಮಾದಾರರಿಗೆ ಏನೂ ಅರ್ಥವಾಗುವುದಿಲ್ಲ. ಅವರು ನಾಲ್ಕೂ ನಾಲಗಳನ್ನು ಬೆರಳಿನಿಂದ ತಡವಿ ನೋಡಿ, ಡಾಕ್ಟರ ಕಡೆ ತಲೆಯಾಡಿಸಿ, ತಾಲೀಮಿಗೆ ಬರಲಿ ಎನ್ನುತ್ತಾರೆ. ಕವಾಯತಿನಲ್ಲಿ ಎಲ್ಲರೂ ಕುಳಿತುಕೊಳ್ಳುವಾಗ ಇವನೊಬ್ಬ ನಿಂತಿರಲಿ ಎಂದು ಡಾಕ್ಟರೂ ನಗುತ್ತಾರೆ. ಗೋಡೆಯ ಬಳಿ ಅರ್ಥವಾಗಿದ್ದು ಸುಗರಾಬಿಗೆ ಒಬ್ಬರಿಗೇ. ಅವರು ಈಗ ಸೆರಗನ್ನು ಬಾಯಿಯಿಂದ ಕಣ್ಣಿಗೆ ಒಯ್ದಿದ್ದಾರೆ.

ಬೆಳಗಾವಿಗೆ ಹೊರಡುವ ಮುಂಜಾನೆ ಬೇವಿನ ಮರದ ಕೆಳಗೆ ಅರ್ಧ ಪೇಟೆ ನೆರೆದಿದೆ. ಬಾಯವ್ವ ಎಣ್ಣೆಯ ಕುಡಿಕೆ ಕಳಿಸಿದ್ದಾರೆ. ಲಗಮಪ್ಪನವರು ಎಡ ಯಾವುದು, ಬಲ ಯಾವುದು ಎಂದು ಕೊನೆಯ ಸಲ ಕೇಳಿ ಬೈಸಿಕೊಂಡಿದ್ದಾರೆ. ಎತ್ತು ಕೆಡವುವ ಹಗ್ಗವನ್ನು ಸುಗರಾಬಿ ಮರದಿಂದ ಬಾಗಿಲಿಗೆ ಕಟ್ಟಿ ಒಗೆದ ಅರಿವೆ ಹಾಕಿದ್ದಾರೆ. ತಿರುಗಿ ಬಂದಾಗ ಬೇಕಾದೀತು, ಬಿಚ್ಚಿ ತೆಗೆದಿಡಿ ಎಂದು ಯಾರೋ ಹೇಳುತ್ತಾರೆ. ಬುರಾನಸಾಬರು ತಲೆಯಲ್ಲಾಡಿಸುತ್ತಾರೆ.

ದಂಡಿನಿಂದ ಬಂದ ಮೇಲೆ ಏನು ಮಾಡುತ್ತೀರಿ ಎಂದರೆ, ಅವರು ಶಂಕ್ರೆಪ್ಪನವರ ಬಿಳಿ ಎತ್ತಿನ ಕಡೆ ನೋಡುತ್ತಾರೆ. ಅದು ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ.

"ಮೊದಲ ಇದರ ಹೆಗಲ ಮ್ಯಾಲ ಕೈ ಇಡತೇನ್ರಿ," ಎನ್ನುತ್ತಾರೆ. "ನನಗಂತೂ ಇನ್ನ ಕುಂದ್ರಾಕ ಬರಂಗಿಲ್ಲ. ಇದಕ್ಕೂ ನಿಂದ್ರೂದ ಕಲಿಸಿದ್ರಾತು."